ಜಾಲತಾಣದ ಕೀಲಿಕೈ ಯಾರ ಬಳಿ?

ಮಲೆನಾಡಿನ ಎಷ್ಟೋ ಮನೆಗಳಲ್ಲಿ ಮಳೆಯ ಲೆಕ್ಕ ಬರೆದಿಟ್ಟ ಹಳೆಯ ಪುಸ್ತಕಗಳಿವೆ. ಮೃಗಶಿರ ಮಳೆ ಯಾವ ದಿನ ಹಿಡಿಯಿತು, ಆರಿದ್ರೆಯಲ್ಲಿ ಎಷ್ಟು ಇಂಚು ಸುರಿಯಿತು, ಅಡಿಕೆಗೆ ಮೊದಲ ಬೋರ್ಡೊ ಸಿಂಪಡಣೆ ಎಂದು ಮುಗಿಯಿತು, ಹಳ್ಳದ ನೀರು ಯಾವ ತಿಂಗಳಿನಲ್ಲಿ ಬತ್ತಿತು ಎಂಬ ವಿವರಗಳು ಅವುಗಳಲ್ಲಿರುತ್ತವೆ. ಅಜ್ಜ ಆರಂಭಿಸಿದ್ದನ್ನು ಮಗ ಮುಂದುವರಿಸಿರುತ್ತಾನೆ. ಮೊಮ್ಮಗನ ಕಾಲಕ್ಕೆ ಗೆದ್ದಲು ಮತ್ತು ಥಂಡಿ ತಮ್ಮ ಪಾಲು ಪಡೆದಿರುತ್ತವೆ. ಹೀಗಾಗಬಾರದೆಂದೇ ಬೆಟ್ಟಸೀಮೆಯ ಅನೇಕ ಸಂಘಟನೆಗಳು ಕಳೆದ ಇಪ್ಪತ್ತು ವರ್ಷಗಳಲ್ಲಿ ಅಂತರಜಾಲದತ್ತ ಮುಖ ಮಾಡಿದವು. ನಾಟಿ ತಳಿಗಳ ಪಟ್ಟಿ, ದೇವರಕಾಡುಗಳ ವಿವರ, ಸೊಪ್ಪಿನ ಬೆಟ್ಟದ ಹಕ್ಕಿನ ದಾಖಲೆ, ಅಣೆಕಟ್ಟು ವಿರೋಧದ ಮನವಿಗಳು ಜಾಲತಾಣ ಸೇರಿದವು.

ಆದರೆ ಕಾಗದದ ಗೆದ್ದಲಿಗಿಂತ ವೇಗವಾದ ಗೆದ್ದಲು ಅಲ್ಲಿಯೂ ಇತ್ತು. ಇಂಥ ತಾಣಗಳ ಕತೆ ಬಹುಮಟ್ಟಿಗೆ ಒಂದೇ ತೆರನಾದುದು. ಯೋಜನೆಯೊಂದರ ಹಣ ಬಂದಾಗ ನಗರದ ಯಾರೋ ಒಬ್ಬರು ತಾಣ ಕಟ್ಟಿಕೊಡುತ್ತಾರೆ. ಉದ್ಘಾಟನೆಯ ದಿನ ಚಪ್ಪಾಳೆ ಬೀಳುತ್ತದೆ. ಎರಡನೆಯ ವರ್ಷ ಒಂದು ಕಾಗುಣಿತದ ತಪ್ಪು ತಿದ್ದಬೇಕಾದರೂ ಕಟ್ಟಿಕೊಟ್ಟವರಿಗೆ ಫೋನು ಮಾಡಬೇಕು. ಮೂರನೆಯ ವರ್ಷ ಅವರು ಬೇರೆ ಕೆಲಸಕ್ಕೆ ಹೋಗಿರುತ್ತಾರೆ, ಗುಪ್ತಪದ ಯಾರ ಬಳಿಯೂ ಇರುವುದಿಲ್ಲ. ನಾಲ್ಕನೆಯ ವರ್ಷ ವಿಳಾಸದ ವಾರ್ಷಿಕ ಶುಲ್ಕ ಕಟ್ಟುವುದನ್ನು ಮರೆತದ್ದರಿಂದ ದೇವರಕಾಡಿನ ಪುಟವಿದ್ದ ಜಾಗದಲ್ಲಿ ಜೂಜಿನ ಜಾಹೀರಾತು ಮಿನುಗುತ್ತದೆ. ಕಳೆದುಹೋದದ್ದು ಏನೆಂಬುದರ ಪಟ್ಟಿಯೂ ಸಿಗುವುದಿಲ್ಲ.

ಇದನ್ನು ಸಣ್ಣ ನಷ್ಟವೆಂದು ತಳ್ಳಿಹಾಕುವಂತಿಲ್ಲ. 2006ರ ಪರಿಸರ ಪರಿಣಾಮ ಅಧ್ಯಯನ ಅಧಿಸೂಚನೆಯ ಪ್ರಕಾರ ಸಾರ್ವಜನಿಕ ಅಹವಾಲು ಸಭೆಗೆ ಕನಿಷ್ಠ 30 ದಿನಗಳ ಸೂಚನೆ ಕೊಟ್ಟರೆ ಸಾಕು. ದಪ್ಪನೆಯ ವರದಿ ಇಂಗ್ಲಿಷಿನಲ್ಲಿರುತ್ತದೆ, ಅದರ ಸಾರಾಂಶವಷ್ಟೇ ಕನ್ನಡದಲ್ಲಿ. ಆ ಮೂವತ್ತು ದಿನಗಳಲ್ಲಿ ಹಳ್ಳಿಯವರು ಹಿಂದಿನ ಮನವಿಯ ಪ್ರತಿ, ಹಳ್ಳದ ಹರಿವಿನ ಲೆಕ್ಕ, ಹತ್ತು ವರ್ಷ ಹಿಂದಿನ ಸಭೆಯ ನಡಾವಳಿ ಎಲ್ಲವನ್ನೂ ಹುಡುಕಿ ತೆಗೆಯಬೇಕು. ಪಶ್ಚಿಮ ಘಟ್ಟಗಳ ಪರಿಸರ ತಜ್ಞರ ಸಮಿತಿಯ ವರದಿಯನ್ನು ಮಾಧವ ಗಾಡ್ಗೀಳರು 2011ರ ಆಗಸ್ಟ್‌ನಲ್ಲಿ ಒಪ್ಪಿಸಿದರೂ ಅದು ಜನರ ಕಣ್ಣಿಗೆ ಬಿದ್ದದ್ದು 2012ರ ಮೇ ತಿಂಗಳಿನಲ್ಲಿ. ಆ ನಡುವೆ ಮತ್ತು ಆಮೇಲೆ, ಕನ್ನಡದಲ್ಲಿ ಓದಲು ಸಿಗುವ ಪೂರ್ಣ ಪಠ್ಯವಿಲ್ಲದ ಜಾಗವನ್ನು ವದಂತಿ ತುಂಬಿತು. ಕಸ್ತೂರಿರಂಗನ್ ಸಮಿತಿಯ ವರದಿಯನ್ನು ಆಧರಿಸಿ ಕರ್ನಾಟಕದ 20,668 ಚದರ ಕಿಲೋಮೀಟರ್ ಪ್ರದೇಶವನ್ನು ಸೂಕ್ಷ್ಮವೆಂದು ಗುರುತಿಸುವ ಕರಡು ಅಧಿಸೂಚನೆ 2014ರ ಮಾರ್ಚ್‌ನಿಂದ 2024ರ ಜುಲೈವರೆಗೆ ಆರು ಬಾರಿ ಹೊರಬಿದ್ದಿದೆ. ಪ್ರತಿ ಬಾರಿಯೂ ಆಕ್ಷೇಪಣೆಗೆ 60 ದಿನಗಳು. ಪ್ರತಿ ಬಾರಿಯೂ ಪಟ್ಟಿಯಲ್ಲಿ ತಮ್ಮ ಊರಿದೆಯೇ ಎಂದು ಜನ ಮೊದಲಿನಿಂದ ಹುಡುಕಾಟ ಆರಂಭಿಸಿದರು. ಹಿಂದಿನ ಸಲ ಯಾರು ಏನು ಬರೆದು ಕಳುಹಿಸಿದ್ದರು ಎಂಬುದು ಒಂದೆಡೆ ಇದ್ದಿದ್ದರೆ ಈ ವ್ಯರ್ಥ ಶ್ರಮ ಅರ್ಧಕ್ಕೆ ಇಳಿಯುತ್ತಿತ್ತು.

ಈಗ ಎಲ್ಲವೂ ವಾಟ್ಸ್‌ಆ್ಯಪ್‌ನಲ್ಲಿದೆಯಲ್ಲ ಎನ್ನುವವರಿದ್ದಾರೆ. ಅಡಿಕೆಯ ಎಲೆಚುಕ್ಕಿ ರೋಗ ಹಬ್ಬಿದ ವರ್ಷಗಳಲ್ಲಿ ತೋಟಿಗರು ತಮ್ಮ ತಮ್ಮ ಅನುಭವವನ್ನು ಅಲ್ಲಿಯೇ ಹಂಚಿಕೊಂಡರು. ಯಾವ ಔಷಧ ಯಾವಾಗ ಹೊಡೆದದ್ದು, ಎಷ್ಟು ಮಳೆಗೆ ತೊಳೆದುಹೋಯಿತು, ಯಾವ ದಿಕ್ಕಿನ ಇಳಿಜಾರಿನಲ್ಲಿ ರೋಗ ಕಡಿಮೆಯಿತ್ತು ಎಂಬಂಥ ವಿವರಗಳು ಯಾವ ಸಂಶೋಧನಾ ಕೇಂದ್ರಕ್ಕೂ ಬೆಲೆಯುಳ್ಳವು. ಮರುವರ್ಷ ಅವನ್ನು ಹುಡುಕಿದರೆ ಶುಭೋದಯದ ಚಿತ್ರಗಳ ಕೆಳಗೆ ಹೂತುಹೋಗಿರುತ್ತವೆ. ಫೋನು ಹಾಳಾದರೆ ಅದೂ ಇಲ್ಲ. ಪರರ ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆ ಎಷ್ಟು ದಿನ ಕ್ಷೇಮ? ಯಾಹೂ ಸಂಸ್ಥೆ 2009ರಲ್ಲಿ ಜಿಯೋಸಿಟೀಸ್ ಎಂಬ ತನ್ನ ಉಚಿತ ತಾಣಸೇವೆಯನ್ನು ಮುಚ್ಚಿತು. 2020ರ ಡಿಸೆಂಬರ್‌ನಲ್ಲಿ ಯಾಹೂ ಗ್ರೂಪ್ಸ್ ಅನ್ನು ನಿಲ್ಲಿಸಿತು. ಅಲ್ಲಿದ್ದ ಲಕ್ಷಾಂತರ ಬಳಗಗಳ ಬರಹ ಅದರೊಂದಿಗೆ ಹೋಯಿತು. ಬಳಸಿದವರ ಒಪ್ಪಿಗೆ ಕೇಳುವ ಹಂಗು ಮಾಲೀಕರಿಗಿರಲಿಲ್ಲ.

ಬೀಜದ ವಿಷಯದಲ್ಲಿ ಈ ಪಾಠವನ್ನು ರೈತಾಪಿ ಜನ ಎಂದೋ ಕಲಿತಿದ್ದಾರೆ. ಪ್ರತಿ ಹಂಗಾಮಿಗೂ ಅಂಗಡಿಗೆ ಹೋಗಲೇಬೇಕಾದ ಸಂಕರ ಬೀಜಕ್ಕೂ ಕಣಜದಿಂದ ತೆಗೆದು ಬಿತ್ತುವ, ನೆಂಟರಿಗೆ ಸೇರಿನಷ್ಟು ಕೊಡುವ ನಾಟಿ ಬೀಜಕ್ಕೂ ಇರುವ ವ್ಯತ್ಯಾಸವೇ ಸ್ವಾಮ್ಯದ ತಂತ್ರಾಂಶಕ್ಕೂ ಮುಕ್ತ ತಂತ್ರಾಂಶಕ್ಕೂ ಇದೆ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯ 39ನೆಯ ಕಲಮು ರೈತನಿಗೆ ಬೀಜವನ್ನು ಉಳಿಸಿಕೊಳ್ಳುವ, ಮರುಬಿತ್ತುವ, ವಿನಿಮಯ ಮಾಡುವ, ಮಾರುವ ಹಕ್ಕನ್ನು ಮಾನ್ಯ ಮಾಡಿದೆ. ಬ್ರ್ಯಾಂಡಿನ ಹೆಸರಿನಲ್ಲಿ ಮಾರುವಂತಿಲ್ಲ, ಅಷ್ಟೇ. ಮುಕ್ತ ತಂತ್ರಾಂಶದ ಪರವಾನಗಿ ಹೇಳುವುದೂ ಬಹುತೇಕ ಅದನ್ನೇ: ಯಾವ ಉದ್ದೇಶಕ್ಕಾದರೂ ಬಳಸಿ, ಒಳಗಿನ ಬರವಣಿಗೆಯನ್ನು ನೋಡಿ, ಬೇಕಾದಂತೆ ತಿದ್ದಿ, ಇತರರಿಗೂ ಕೊಡಿ. 1989ರಲ್ಲಿ ಮೊದಲ ಬಾರಿ ಹೊರಬಂದ ಜಿಪಿಎಲ್ ಪರವಾನಗಿ ಒಂದು ಹೆಜ್ಜೆ ಮುಂದೆ ಹೋಗಿ, ತಿದ್ದಿದ್ದನ್ನು ಹಂಚುವವರು ಅದೇ ಸ್ವಾತಂತ್ರ್ಯವನ್ನೂ ಜೊತೆಗೇ ಹಂಚಬೇಕೆಂದು ಕಟ್ಟು ಹಾಕಿತು. ಇದರ ಮೂಲವಾದ ಗ್ನೂ ಯೋಜನೆಯನ್ನು ರಿಚರ್ಡ್ ಸ್ಟಾಲ್‌ಮನ್ ಪ್ರಕಟಿಸಿದ್ದು 1983ರ ಸೆಪ್ಟೆಂಬರ್‌ನಲ್ಲಿ. ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಮರಗಳನ್ನು ಅಪ್ಪಿ ನಿಂತದ್ದೂ ಅದೇ ತಿಂಗಳಿನಲ್ಲಿ. ಕಾಕತಾಳೀಯವೇ ಸರಿ, ಆದರೂ ಎರಡರ ಹಿಂದೆಯೂ ಇದ್ದದ್ದು, ಎಲ್ಲರಿಗೆ ಸೇರಿದ್ದನ್ನು ಬೇಲಿಯೊಳಗೆ ಹಾಕುವುದರ ಬಗೆಗಿನ ಸಿಟ್ಟು.

ಮುಕ್ತ ತಂತ್ರಾಂಶದಿಂದ ತಾಣ ಕಟ್ಟುವುದರ ಜೊತೆಗೆ ಅದರಲ್ಲಿ ಬರೆಯುವ ಕೈಗಳನ್ನೂ ಸಿದ್ಧಪಡಿಸಿದ ಒಂದು ಪ್ರಯತ್ನ ದಕ್ಷಿಣ ಬೆಂಗಳೂರಿನಲ್ಲಿ ನಡೆದಿದೆ. ಅದು ಪರಿಸರದವರದ್ದಲ್ಲ, ಶಾಲಾ ಮೇಷ್ಟ್ರುಗಳದ್ದು. ಬನಶಂಕರಿ 3ನೇ ಹಂತದ ವರ್ತುಲ ರಸ್ತೆಯಲ್ಲಿ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯ ಕಚೇರಿ. ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ, ಜಯನಗರ 4ನೇ ಟಿ ಬ್ಲಾಕ್‌ನಲ್ಲಿ, 2000ದಲ್ಲಿ ಹುಟ್ಟಿದ ‘ಐಟಿ ಫಾರ್ ಚೇಂಜ್’ ಎಂಬ ಸ್ವಯಂಸೇವಾ ಸಂಸ್ಥೆ. ಇವೆರಡೂ ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಣ ಅಭಿಯಾನದೊಂದಿಗೆ ಸೇರಿ 2011ರಲ್ಲಿ ‘ವಿಷಯ ಶಿಕ್ಷಕರ ವೇದಿಕೆ’ಯನ್ನು ಆರಂಭಿಸಿದವು. ಸರಕಾರಿ ಪ್ರೌಢಶಾಲೆಗಳ ಗಣಿತ, ವಿಜ್ಞಾನ, ಸಮಾಜವಿಜ್ಞಾನದ ಶಿಕ್ಷಕರನ್ನು ಜಿಲ್ಲಾ ತರಬೇತಿ ಕೇಂದ್ರಗಳ ಗಣಕ ಕೊಠಡಿಗಳಲ್ಲಿ ಕೂರಿಸಿ ಉಬುಂಟು ಕಲಿಸಲಾಯಿತು. ಉಬುಂಟು ಎಂದರೆ ಲೈಸೆನ್ಸಿನ ಹಣವಿಲ್ಲದೆ ಎಷ್ಟು ಗಣಕಗಳಿಗೂ ಹಾಕಿಕೊಳ್ಳಬಹುದಾದ ಕಾರ್ಯಾಚರಣ ವ್ಯವಸ್ಥೆ. ತರಬೇತಿಯಲ್ಲಿ ಕಲಿತದ್ದನ್ನು ಶಿಕ್ಷಕರು ಅದೇ ರೂಪದಲ್ಲಿ ಶಾಲೆಗೂ ಮನೆಗೂ ಒಯ್ಯಬಹುದಿತ್ತು. ಕೇರಳದ ಸರಕಾರಿ ಶಾಲೆಗಳು ಈ ದಾರಿಯಲ್ಲಿ ಮೊದಲೇ ನಡೆದಿದ್ದವು.

2013ರಲ್ಲಿ ಇದರ ಮುಂದುವರಿಕೆಯಾಗಿ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಎಂಬ ಜಾಲತಾಣ ತೆರೆದುಕೊಂಡಿತು. ಅದಕ್ಕಾಗಿ ಹೊಸ ತಂತ್ರಾಂಶವನ್ನು ಯಾರೂ ಬರೆಯಲಿಲ್ಲ. ವಿಕಿಪೀಡಿಯಕ್ಕಾಗಿ ಬರೆಯಲ್ಪಟ್ಟ ಮೀಡಿಯಾವಿಕಿ ಮುಕ್ತವಾಗಿಯೇ ಸಿಗುತ್ತಿತ್ತು. ಅದನ್ನೇ ತಂದು ನೆಟ್ಟರು. ಕನ್ನಡ ವಿಕಿಪೀಡಿಯ 2003ರಿಂದ ನಡೆದುಬಂದಿರುವುದೂ ಅದರ ಮೇಲೆಯೇ. ಅದರ ಗುಣಗಳು ಇಂಥ ಕೆಲಸಕ್ಕೆ ಹೇಳಿ ಮಾಡಿಸಿದಂತಿವೆ. ಪ್ರತಿ ಪುಟದ ಹಿಂದೆ ಅದರ ಚರಿತ್ರೆಯಿರುತ್ತದೆ: ಯಾರು, ಯಾವ ದಿನ, ಯಾವ ಸಾಲನ್ನು ಬದಲಿಸಿದರು ಎಂಬುದು ಅಲ್ಲಿ ದಾಖಲು. ತಪ್ಪಾಗಿ ಅಳಿಸಿದ್ದನ್ನು ಮರಳಿ ತರಬಹುದು. ಪ್ರತಿ ಪುಟಕ್ಕೂ ಚರ್ಚೆಯ ಪುಟವೊಂದು ಜೊತೆಗಿರುವುದರಿಂದ ಭಿನ್ನಮತ ಪಠ್ಯವನ್ನು ಕೆಡಿಸದೆ ಪಕ್ಕದಲ್ಲಿ ನಿಲ್ಲುತ್ತದೆ. ಇಡೀ ತಾಣದ ಬರಹವನ್ನು ಒಂದೇ ಕಡತವಾಗಿ ಇಳಿಸಿಕೊಂಡು ಬೇರೆಡೆ ನೆಡಬಹುದು. ಪಾಠಸಾಮಗ್ರಿ ಕನ್ನಡ, ಇಂಗ್ಲಿಷ್ ಎರಡರಲ್ಲೂ ಬಂತು. ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಪ್ರಕಟವಾಗಿದ್ದರಿಂದ ಮತ್ತೊಬ್ಬ ಶಿಕ್ಷಕ ಅದನ್ನು ತನ್ನ ತರಗತಿಗೆ ತಕ್ಕಂತೆ ತಿದ್ದಿಕೊಳ್ಳಲು ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಇಲ್ಲಿ ಗಮನಿಸಬೇಕಾದ್ದು ಕೆಲಸದ ಕ್ರಮ. ಮೊದಲು ತಾಣ ಕಟ್ಟಿ ಆಮೇಲೆ ಬರೆಯುವವರನ್ನು ಹುಡುಕಲಿಲ್ಲ. ಎರಡು ವರ್ಷ ಶಿಕ್ಷಕರ ಕೈಗೆ ಗಣಕ ಒಗ್ಗಿತು, ಪರಸ್ಪರ ಪ್ರಶ್ನೆ ಕೇಳುವ ರೂಢಿ ಬೆಳೆಯಿತು, ಆಮೇಲೆ ತಾಣ ಬಂತು. ಗದ್ದೆ ಹದವಾಗುವ ಮುನ್ನ ಸಸಿ ಕಿತ್ತರೆ ಏನಾಗುತ್ತದೆಂದು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಹಾಗೆಂದು ಆ ಪ್ರಯತ್ನ ಸರ್ವಾಂಗ ನಿರ್ದೋಷಿಯೇನಲ್ಲ. ಶಿಕ್ಷಕರ ದಿನನಿತ್ಯದ ಮಾತುಕತೆ ನಡೆದ ಮಿಂಚಂಚೆ ಬಳಗಗಳು ಗೂಗಲ್ ಕಂಪನಿಯ ಸೇವೆಯ ಮೇಲಿದ್ದವು. ಪಾಠ ಸ್ವಂತ ಹೊಲದಲ್ಲಿ, ಪಂಚಾಯಿತಿ ಬೇರೆಯವರ ಕಟ್ಟೆಯಲ್ಲಿ! ಸೌಕರ್ಯಕ್ಕೂ ಸ್ವಾತಂತ್ರ್ಯಕ್ಕೂ ನಡುವಿನ ಈ ರಾಜಿ ಎಲ್ಲ ಸಂಘಟನೆಗಳಿಗೂ ಎದುರಾಗುವಂಥದ್ದು. ಉಳಿಯಬೇಕಾದ ಬರಹವನ್ನಾದರೂ ಸ್ವಂತ ಹೊಲಕ್ಕೆ ತಂದುಹಾಕಿದರೆಂಬುದು ಆ ಶಿಕ್ಷಕರ ವಿವೇಕ.

ಕನ್ನಡದ ಮಟ್ಟಿಗೆ ಇನ್ನೊಂದು ಉದಾಹರಣೆಯನ್ನೂ ನೆನೆಯಬೇಕು. 2005ರಲ್ಲಿ ಹರಿಪ್ರಸಾದ್ ನಾಡಿಗರು ಆರಂಭಿಸಿದ ‘ಸಂಪದ’ ದ್ರುಪಲ್ ಎಂಬ ಮುಕ್ತ ತಂತ್ರಾಂಶದ ಮೇಲೆ ನಿಂತಿತು. ಬಹುಪಾಲು ಕನ್ನಡಿಗರು ಗಣಕದಲ್ಲಿ ಕನ್ನಡ ಮೂಡಿಸಲು ಹೆಣಗುತ್ತಿದ್ದ ಕಾಲದಲ್ಲಿ ಅದು ಯೂನಿಕೋಡ್ ಕನ್ನಡದಲ್ಲಿ ಬರೆಯುವ ಒಂದು ತಲೆಮಾರನ್ನೇ ರೂಪಿಸಿತು.

ಯೂನಿಕೋಡ್ ಎಂಬ ಮಾತು ಬಂತು. ಮಲೆನಾಡಿನ ಸಂಘಟನೆಗಳ ಕಪಾಟಿನಲ್ಲಿ ಈಗಲೂ ಅತಿ ದೊಡ್ಡ ತೊಡಕಾಗಿರುವುದು ಇದೇ. 1990ರ ದಶಕದ ಕೊನೆಯಿಂದ ಹಲವು ವರ್ಷ ಕರಪತ್ರ, ವರದಿ, ಸಂಚಿಕೆಗಳೆಲ್ಲ ನುಡಿ, ಬರಹ, ಶ್ರೀಲಿಪಿಯಂಥ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚಾದವು. ಅವುಗಳಲ್ಲಿ ಕನ್ನಡ ಅಕ್ಷರ ಕಾಣಿಸುತ್ತದೆ, ಆದರೆ ಗಣಕದ ಒಳಗೆ ಕುಳಿತಿರುವುದು ರೋಮನ್ ಸಂಕೇತಗಳು. ಆ ಅಕ್ಷರಶೈಲಿ ಇಲ್ಲದ ಗಣಕದಲ್ಲಿ ತೆರೆದರೆ ಅರ್ಥವಿಲ್ಲದ ಗೀಚು. ಹುಡುಕುಯಂತ್ರಕ್ಕೆ ‘ಅಪ್ಪೆಮಿಡಿ’ ಎಂದು ಕೊಟ್ಟರೆ ಅಂಥ ಕಡತ ಎಂದಿಗೂ ಸಿಗದು. ಕನ್ನಡ 1991ರಲ್ಲಿ, ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಸ್ಥಾನ ಪಡೆದಿತ್ತು. ಬಳಕೆ ಮಾತ್ರ ತಡವಾಯಿತು. ಈಗ ಹಳೆಯ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸುವ ಮುಕ್ತ ಸಲಕರಣೆಗಳು ಲಭ್ಯ. ಪರಿವರ್ತನೆಯಾದ ಮೇಲೆ ಅರ್ಕಾವತ್ತು, ಒತ್ತಕ್ಷರಗಳನ್ನು ಯಾರಾದರೂ ಕಣ್ಣಿಟ್ಟು ನೋಡಬೇಕು. ಬೇಸರದ ಕೆಲಸ, ಆದರೆ ಮಾಡಲೇಬೇಕಾದದ್ದು. ಕಾಗದವನ್ನು ಸ್ಕ್ಯಾನ್ ಮಾಡಿ ಚಿತ್ರವಾಗಿ ಏರಿಸಿಬಿಡುವುದು ಸುಲಭವೆನಿಸಿದರೂ ಆ ಚಿತ್ರದಲ್ಲಿ ಪದ ಹುಡುಕಲು ಬರುವುದಿಲ್ಲ, ಕುರುಡರ ಓದುಯಂತ್ರಕ್ಕೂ ಅದು ಮೂಕ.

ಯಾವ ತಂತ್ರಾಂಶ ಎಂಬುದು ಕೆಲಸವನ್ನು ಅವಲಂಬಿಸಿದ್ದು. ಹತ್ತಾರು ಜನ ಸೇರಿ ತಿದ್ದುತ್ತ ಬೆಳೆಸುವ ತಳಿ ಕೋಶಕ್ಕೆ ಮೀಡಿಯಾವಿಕಿ ಒಪ್ಪುತ್ತದೆ. ತಿಂಗಳಿಗೊಂದು ಸಂಚಿಕೆ, ಸಭೆಯ ಸೂಚನೆ, ಲೇಖನಗಳಿಗೆ 2003ರಲ್ಲಿ ಬಂದ ವರ್ಡ್‌ಪ್ರೆಸ್ ಸಾಕು. ಜಗತ್ತಿನ ಜಾಲತಾಣಗಳಲ್ಲಿ ಐದರಲ್ಲಿ ಎರಡರಷ್ಟು ಅದರ ಮೇಲೆಯೇ ನಡೆಯುತ್ತಿವೆ, ಬಲ್ಲವರೂ ಎಲ್ಲೆಡೆ ಸಿಗುತ್ತಾರೆ. ಅಷ್ಟು ಜನಪ್ರಿಯವಾದುದರಿಂದಲೇ ಕನ್ನ ಹಾಕುವವರ ಕಣ್ಣೂ ಅದರ ಮೇಲಿದೆ. ಅಲಂಕಾರಕ್ಕೆಂದು ಸೇರಿಸಿದ ಹತ್ತಿಪ್ಪತ್ತು ಪ್ಲಗಿನ್‌ಗಳಲ್ಲಿ ಒಂದನ್ನು ನವೀಕರಿಸಲು ಮರೆತರೂ ಬಾಗಿಲು ತೆರೆದಿಟ್ಟಂತೆ. ಮುಕ್ತವೆಂದರೆ ಪುಕ್ಕಟೆಯೆಂದೂ ಪುಕ್ಕಟೆಯೆಂದರೆ ದುಡಿಮೆ ಬೇಡವೆಂದೂ ತಿಳಿದು ಹಾಳಾದ ತಾಣಗಳಿಗೆ ಲೆಕ್ಕವಿಲ್ಲ. ತಂತ್ರಾಂಶಕ್ಕೆ ಹಣ ಕೊಡಬೇಕಿಲ್ಲ; ವಿಳಾಸಕ್ಕೆ ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸು, ಸರ್ವರಿನ ಬಾಡಿಗೆಗೆ ಇನ್ನಷ್ಟು, ಮತ್ತು ತಿಂಗಳಿಗೆ ಒಂದೆರಡು ಗಂಟೆ ಕುಳಿತು ನವೀಕರಿಸುವ, ಪ್ರತಿ ತೆಗೆದಿಡುವ ಒಬ್ಬರ ಶ್ರಮ ಬೇಕೇ ಬೇಕು. ಆ ಶ್ರಮಕ್ಕೆ ಜನವಿಲ್ಲದ ಸಂಘಟನೆ ಪ್ಲಗಿನ್ನೂ ದತ್ತಸಂಚಯವೂ ಇಲ್ಲದ ಸ್ಥಿರ ಪುಟಗಳ ತಾಣ ಮಾಡಿಕೊಳ್ಳುವುದು ಒಳಿತು. ನೋಡಲು ಬಡವಾದರೂ ಅದು ಹತ್ತು ವರ್ಷ ಮುಟ್ಟದೆ ಬಿಟ್ಟರೂ ನಿಂತಿರುತ್ತದೆ.

ಬಡವಾಗಿರುವುದು ಬೆಟ್ಟದಲ್ಲಿ ಕುಂದಲ್ಲ. ಆಷಾಢದ ಮಳೆಯಲ್ಲಿ ವಿದ್ಯುತ್ತು ದಿನಗಟ್ಟಲೆ ಹೋದಾಗ, ಗುಡ್ಡದ ತುದಿಗೆ ಹೋಗಿ ಸಿಗ್ನಲ್ ಹಿಡಿಯುವವನಿಗೆ ಪುಟ ಬೇಗ ತೆರೆಯಬೇಕು, ಅಷ್ಟೇ. ಈ ಸಂಪಾದಕೀಯದಷ್ಟು ಉದ್ದದ ಕನ್ನಡ ಬರಹ ಯೂನಿಕೋಡಿನಲ್ಲಿ 50 ಕಿಲೋಬೈಟ್‌ಗಿಂತ ಕಡಿಮೆ. ಫೋನಿನಲ್ಲಿ ತೆಗೆದ ಒಂದೇ ಒಂದು ಫೋಟೋವನ್ನು ಕುಗ್ಗಿಸದೆ ಹಾಕಿದರೆ ಅದರ ಐವತ್ತು ಅರವತ್ತು ಪಟ್ಟು ಭಾರ. ನಗರದ ವಿನ್ಯಾಸಕಾರರು ಬಿಟ್ಟುಕೊಡುವ ಜಾರುವ ಚಿತ್ರಪಟಗಳು ಕಚೇರಿಯ ವೇಗದ ಸಂಪರ್ಕದಲ್ಲಿ ಚೆಂದ. ಆಗುಂಬೆಯಲ್ಲಿ ಬಿಳಿಯ ತೆರೆ.

ಕೀಲಿಕೈಯ ಮಾತನ್ನು ಇನ್ನಷ್ಟು ಬಿಗಿಯಾಗಿಯೇ ಹೇಳಬೇಕು. ವಿಳಾಸದ ನೋಂದಣಿ ಸಂಸ್ಥೆಯ ಹೆಸರಿನಲ್ಲಿರಬೇಕು. ಕಾರ್ಯದರ್ಶಿಯ ಅಥವಾ ತಾಣ ಕಟ್ಟಿಕೊಟ್ಟವರ ಹೆಸರಿನಲ್ಲಲ್ಲ. ಗುಪ್ತಪದ ಕನಿಷ್ಠ ಇಬ್ಬರಿಗೆ ತಿಳಿದಿರಬೇಕು, ಅವರಿಬ್ಬರೂ ಒಂದೇ ಮನೆಯವರಾಗಿರಬಾರದು. ಇಡೀ ತಾಣದ ಪ್ರತಿ ಪ್ರತಿ ತಿಂಗಳೂ ಬೇರೊಂದು ಊರಿನ ಗಣಕಕ್ಕೆ ಇಳಿಯಬೇಕು. 2020ರಲ್ಲಿ ಈ ಎಚ್ಚರಿಕೆಯ ಅಗತ್ಯ ಕಣ್ಣಿಗೆ ಕಟ್ಟಿತು. ಪರಿಸರ ಪರಿಣಾಮ ಅಧ್ಯಯನದ ಹೊಸ ಕರಡನ್ನು ವಿರೋಧಿಸಿ ದೇಶದ ಯುವಜನ ಅಭಿಯಾನ ನಡೆಸುತ್ತಿದ್ದಾಗ, ಜುಲೈ ತಿಂಗಳಿನಲ್ಲಿ ‘ಲೆಟ್ ಇಂಡಿಯಾ ಬ್ರೀತ್’, ‘ಫ್ರೈಡೇಸ್ ಫಾರ್ ಫ್ಯೂಚರ್’ ಮುಂತಾದ ಗುಂಪುಗಳ ತಾಣಗಳು ಆಕ್ಷೇಪಣೆಯ ಅವಧಿ ಮುಗಿಯುವ ಮುನ್ನವೇ ತೆರೆಯದಾದವು. ಆಗಸ್ಟ್‌ನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ, ಪ್ರಾದೇಶಿಕ ಭಾಷೆಗಳಲ್ಲಿ ಕರಡಿಗೆ ತಕ್ಕ ಪ್ರಚಾರ ಸಿಕ್ಕಿಲ್ಲವೆಂಬ ದೂರಿನ ಮೇಲೆ ಅಂತಿಮ ಅಧಿಸೂಚನೆಗೆ ತಾತ್ಕಾಲಿಕ ತಡೆ ನೀಡಿತು. ಮುಕ್ತ ತಂತ್ರಾಂಶ ಸರಕಾರದ ತಡೆಯನ್ನು ನಿಲ್ಲಿಸಲಾರದು. ಪ್ರತಿಯೊಂದು ಕೈಯಲ್ಲಿದ್ದರೆ ಬೇರೆ ವಿಳಾಸದಲ್ಲಿ ಒಂದು ಸಂಜೆಯೊಳಗೆ ಅದೇ ತಾಣವನ್ನು ಮತ್ತೆ ನಿಲ್ಲಿಸಲು ಮಾತ್ರ ಅದು ಬಿಡುತ್ತದೆ. ಸ್ವಾಮ್ಯದ ಸೇವೆಯ ಮೇಲೆ ಕಟ್ಟಿದ್ದಕ್ಕೆ ಆ ಅವಕಾಶವೂ ಇಲ್ಲ.

ಎಲ್ಲವನ್ನೂ ಬಯಲಿಗೆ ಇಡಬೇಕೆಂದೂ ಇದರ ಅರ್ಥವಲ್ಲ. ಅಪರೂಪದ ಔಷಧಿ ಸಸ್ಯ ಯಾವ ಕಣಿವೆಯಲ್ಲಿದೆ, ಯಾವ ಅಪ್ಪೆಮಿಡಿ ಮರ ಯಾರ ಬೆಟ್ಟದಲ್ಲಿದೆ ಎಂಬ ನಿಖರ ವಿವರವನ್ನು ತಾಣಕ್ಕೆ ಏರಿಸಿದರೆ ಮೊದಲು ಬರುವವರು ಕೊಡಲಿ ಹಿಡಿದವರು. ತಂತ್ರಾಂಶ ಮುಕ್ತವಾಗಿರಲಿ, ಕಾಡಿನ ದಾರಿ ಮುಚ್ಚಿಯೇ ಇರಲಿ.

ಮಳೆಯ ಲೆಕ್ಕದ ಪುಸ್ತಕಗಳಿಗೆ ಮರಳಿದರೆ, ಅವನ್ನು ಬೆರಳಚ್ಚು ಮಾಡುವುದು ಹೇಗೆಂದು ತಿಳಿಯಲು ಜಯನಗರದವರೆಗೆ ಹೋಗಬೇಕಿಲ್ಲ. 2011ರ ನಂತರ ಆ ತರಬೇತಿಗಳಲ್ಲಿ ಕುಳಿತು, ಉಬುಂಟು ಕಲಿತು, ವಿಕಿ ಪುಟ ತಿದ್ದಿದ ಸರಕಾರಿ ಪ್ರೌಢಶಾಲೆಯ ಗಣಿತ, ವಿಜ್ಞಾನದ ಮೇಷ್ಟ್ರುಗಳು ಮಲೆನಾಡಿನ ಜಿಲ್ಲೆಗಳಲ್ಲಿಯೂ ಇದ್ದಾರೆ. ಕೆಲವರು ನಿವೃತ್ತಿಯ ಹತ್ತಿರಕ್ಕೆ ಬಂದಿದ್ದಾರೆ. ಅಡಿಕೆ ಕೊಯ್ಲು ಮುಗಿದು ಮಳೆ ಹಿಡಿಯುವ ಮುನ್ನಿನ ಎರಡು ತಿಂಗಳು, ಶಾಲೆಗೂ ರಜೆ ಇರುವಾಗ, ಅವರ ಮನೆಯ ಬಾಗಿಲು ತಟ್ಟಲು ತಕ್ಕ ಸಮಯ.